ದೋಣಿಗೆ ತೊಡಿಸಿದ ಅಂಗಿ

ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ ತಮ್ಮನ ಮಗ ಊರಿನಿಂದ ಫೋನ್ ಮಾಡಿದ. “ದೊಡ್ಡಪ್ಪಯ್ಯ, ದೋಣಿ ಕೊಟ್ಗಿ ತೆಗಿತೊ ಈ ಸಲ. ಕಾರ್ ನಿಲ್ಸುಕೆ ಜಾಗ ಬೇಕ್. ದೋಣಿದ್ ನಿಮ್ಗೆ ಎಂತಾರು ಬೇಕಾ?” ಸೇತುವೆ ಆದ ಮೇಲೆ ಹೊಳೆಯ ನಡುವಿನ ನಮ್ಮ ಕುದ್ರುವಿಗೂ ಕಾರು ಬರುತ್ತದೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇಡ ಎಂದು ಹೇಳಿ ಫೋನ್ ಇಟ್ಟೆ. ಆದರೂ ಮಾರನೆಯ ರಾತ್ರಿಯ ಬಸ್ಸಿಗೇ ಬೆಂಗಳೂರಿನಿಂದ ಹೊರಟೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಜೊತೆಗೆ ಒಂದು ಚೂರಿ.

ಮರದ ದೋಣಿಯ ಆರೋಗ್ಯ ನೋಡಲು ಚೂರಿಯ ತುದಿಗಿಂತ ಒಳ್ಳೆಯ ಸಲಕರಣೆ ಇಲ್ಲ. ಕೊಟ್ಟಿಗೆಯ ಹೆಂಚು ಅಷ್ಟರಲ್ಲೇ ಇಳಿಸಿಯಾಗಿತ್ತು. ಮೂವತ್ತು ವರ್ಷ ನೆರಳಿನಲ್ಲಿದ್ದ ದೋಣಿಯ ಮೇಲೆ ಬಿಸಿಲು ನೇರವಾಗಿ ಬಿದ್ದಿತ್ತು. ಮೊದಲು ಮೇಲಿನ ಅಂಚಿನ ಹಲಗೆಗೆ ಚುಚ್ಚಿದೆ. ಚೂರಿ ಒಂದು ಕೂದಲೆಳೆಯಷ್ಟೂ ಒಳಗೆ ಹೋಗಲಿಲ್ಲ. ಹೆಬ್ಬಲಸು ಹಾಗೇ ಇತ್ತು, ಕೆರೆದಲ್ಲಿ ಹಳದಿ ಬಣ್ಣ ಕಂಡಿತು. ಆಮೇಲೆ ಬಗ್ಗಿ, ನೀರಿನ ಗೆರೆಯ ಕೆಳಗೆ ಫೈಬರ್ ಬಿಟ್ಟುಕೊಂಡ ಒಂದು ಕಡೆ ಚುಚ್ಚಿದೆ. ಬೆಂದ ಗೆಣಸಿಗೆ ಹೊಕ್ಕ ಹಾಗೆ ಹಿಡಿಯವರೆಗೂ ಹೋಯಿತು.

ಒಂದೇ ಮರ, ದೋಣಿ ಕಟ್ಟುವ ಒಂದೇ ಆಚಾರ್ರ ಕೈ, ಒಂದೇ ವಯಸ್ಸು. ಮೇಲಿನ ಹಲಗೆಗೆ ಫೈಬರ್ ಹಾಕಿರಲಿಲ್ಲ, ಕೆಳಗಿನದಕ್ಕೆ ಹಾಕಲಾಗಿತ್ತು. ಹಾಕಿಸಿದವನು ನಾನು.

ಕುಂದಾಪುರದ ಪಂಚಗಂಗಾವಳಿ ನೋಡಿದವರಿಗೆ ಕುದ್ರು ಎಂದರೆ ಏನೆಂದು ಹೇಳಬೇಕಾಗಿಲ್ಲ. ನೋಡದವರಿಗಾಗಿ ಹೇಳುತ್ತೇನೆ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಸಮುದ್ರ ಸೇರುವ ಮೊದಲು ಒಂದಾಗಿ ಹರಡಿಕೊಳ್ಳುತ್ತವೆ. ಆ ಹರವಿನ ನಡುವೆ ನೀರು ಬಿಟ್ಟುಕೊಟ್ಟ ನೆಲದ ತುಂಡುಗಳೇ ಕುದ್ರುಗಳು. ತೆಂಗು, ಒಂದಿಷ್ಟು ಗದ್ದೆ, ದಡಕ್ಕೆ ಕಾಂಡ್ಲಾ ಗಿಡ, ಹತ್ತಿಪ್ಪತ್ತು ಮನೆ. ಉಪ್ಪು, ಅಕ್ಕಿ, ಸೀಮೆಎಣ್ಣೆ, ಮದುವೆಯ ದಿಬ್ಬಣ, ಬಾಣಂತಿ, ಹೆಣ, ಎಲ್ಲವೂ ದೋಣಿಯಲ್ಲೇ ಬರಬೇಕು, ದೋಣಿಯಲ್ಲೇ ಹೋಗಬೇಕು. ನಮ್ಮ ಕುದ್ರುವಿನ ಆ ದೋಣಿ ಅಪ್ಪಯ್ಯನದು. ಇಪ್ಪತ್ತಾರು ಅಡಿ ಉದ್ದ, ಹೆಬ್ಬಲಸಿನ ಹಲಗೆ. ನೀರು ಕಡಿಮೆ ಇದ್ದಲ್ಲಿ ಬಿದಿರ ಗಳ, ಹೆಚ್ಚಿದ್ದಲ್ಲಿ ಹುಟ್ಟು. ಇಳಿತದ ಹೊತ್ತಿನಲ್ಲಿ ಎದುರು ನೀರಿಗೆ ಹುಟ್ಟು ಹಾಕಿ ಬಂದ ದಿನ ಅಪ್ಪಯ್ಯ ಊಟದ ತಟ್ಟೆಯ ಮುಂದೆ ಕೂತು ಕೈ ಮಡಚಲಾಗದೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು.

ಆ ಕಡೆ ಗಂಗೊಳ್ಳಿಯ ಬಂದರಿನಿಂದ ಬೋಟುಗಳ ಸದ್ದು ಬೆಳಗಿನ ಜಾವವೇ ನಮ್ಮ ಮನೆಗೆ ಕೇಳುತ್ತಿತ್ತು. ಕರಾವಳಿಗೆ ಎಂಜಿನ್ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. 1952ರಲ್ಲಿ ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ 1963ರಲ್ಲಿ ಕಾರವಾರಕ್ಕೂ ಬಂದಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸಿನ್ ಬಲೆಯ ಬೋಟುಗಳು ಇಳಿದ ಮೇಲೆ, ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮುಗಿಯತೊಡಗಿತ್ತು. ಎಂಜಿನ್ ಇದ್ದವನು ಉಳಿಯುತ್ತಾನೆ ಎಂಬ ಮಾತು ದಕ್ಕೆಯ ಮೇಲೆ ದಿನವೂ ಕೇಳುತ್ತಿತ್ತು. ಆದರೆ ಹೊಸ ಬೋಟಿನ ಎಂಜಿನ್ ಅಪ್ಪಯ್ಯನ ಕೈಗೆಟುಕುವ ವಸ್ತುವಲ್ಲ.

1979ರಲ್ಲಿ ಘಟ್ಟದ ಬುಡದ ಒಂದು ಅಡಿಕೆ ತೋಟಕ್ಕೆ ಕರೆಂಟು ಬಂತು. ಅಲ್ಲಿ ನೀರೆತ್ತುತ್ತಿದ್ದ ಐದು ಅಶ್ವಶಕ್ತಿಯ ಕಿರ್ಲೋಸ್ಕರ್ ಡೀಸೆಲ್ ಎಂಜಿನ್ ಮೂಲೆಗೆ ಬಿತ್ತು. ಅಪ್ಪಯ್ಯ ಅದನ್ನು ಕೊಂಡು ತಂದರು. ಒಂದೇ ಸಿಲಿಂಡರು, ದೊಡ್ಡ ಗಾಲಿ, ಹ್ಯಾಂಡಲ್ ತಿರುಗಿಸಿ ಶುರು ಮಾಡುವ ಯಂತ್ರ. ಅದನ್ನು ದೋಣಿಯಲ್ಲಿ ಕೂರಿಸುವುದು ಹೇಗೆಂದು ಕುದ್ರುವಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗಾಗ ಹದಿಮೂರು. ದೋಣಿಯ ಹಿಂಬದಿಯ ಕಂಬಕ್ಕೆ ಶಾಫ್ಟಿಗಾಗಿ ತೂತು ಕೊರೆದ ದಿನ ಇಂದಿಗೂ ಕಣ್ಣ ಮುಂದಿದೆ. ನೀರು ಒಳಗೆ ಬರಬಾರದೆಂದು ಅಷ್ಟು ವರ್ಷ ಕಾಪಾಡಿದ ಮರಕ್ಕೆ ತಾವೇ ಕೈಯಾರೆ ತೂತು ಹಾಕುವುದು. ಆಚಾರ್ರು ಬೈರಿಗೆ ಹಿಡಿದು ಅಪ್ಪಯ್ಯನ ಮುಖ ನೋಡಿದರು. ಅಪ್ಪಯ್ಯ ಹೊಳೆಯ ಕಡೆ ತಿರುಗಿ ನಿಂತು, “ಹಾಕಿ ಆಚಾರ್ರೆ” ಎಂದರು.

ಆ ತೂತಿನಲ್ಲಿ ಗ್ರೀಸು ಮೆತ್ತಿದ ಹತ್ತಿ ಹಗ್ಗದ ಸುರುಳಿ, ಅದನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ಟು. ಪೂರ್ತಿ ಬಿಗಿದರೆ ಶಾಫ್ಟು ಕಾದು ಸವೆಯುತ್ತದೆ, ಸಡಿಲ ಬಿಟ್ಟರೆ ದೋಣಿ ತುಂಬುತ್ತದೆ. ಓಡುವಾಗ ಹನಿ ಹನಿಯಾಗಿ ಬೀಳಬೇಕು, ನಿಂತಾಗ ನಿಲ್ಲಬೇಕು. ಎಂಜಿನ್ನಿನ ತುದಿ ಮತ್ತು ಶಾಫ್ಟಿನ ತುದಿ ಸರಿಯಾಗಿ ಎದುರುಬದುರು ಕೂತಿವೆಯೇ ಎಂದು ನೋಡಲು ಅಪ್ಪಯ್ಯ ಬಳಸಿದ್ದು ಗಡ್ಡ ಹೆರೆಯುವ ಬ್ಲೇಡು. ಎರಡು ತಟ್ಟೆಗಳ ಸಂದಿಗೆ ಬ್ಲೇಡು ತೂರಿಸಿ ಸುತ್ತಲೂ ಒಂದೇ ಬಿಗಿಯಲ್ಲಿ ಓಡುತ್ತದೆಯೇ ಎಂದು ನೋಡುವುದು. ದಡದಲ್ಲಿ ಸರಿಯಾಗಿ ಕೂತದ್ದು ನೀರಿಗಿಳಿದ ಮೇಲೆ ತಪ್ಪಿತು. ನೀರಿನಲ್ಲಿ ದೋಣಿಯ ಮೈ ಬೇರೆ ರೀತಿ ಬಾಗುತ್ತದೆ, ದಡದ ಅಳತೆ ಅಲ್ಲಿ ನಡೆಯುವುದಿಲ್ಲ. ಅದನ್ನು ಅವರು ಯಾವ ಪುಸ್ತಕವನ್ನೂ ಓದದೆ ಎರಡು ದಿನದಲ್ಲಿ ಕಂಡುಕೊಂಡರು. ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದು ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಮೈಕ್ರೋಮೀಟರ್ ಹಿಡಿದು ಅಳೆದಾಗ ನನಗೆ ತಿಳಿಯಿತು. ಅಪ್ಪಯ್ಯನ ಕೈಯಲ್ಲಿದ್ದದ್ದು ಒಳ್ಳೆಯ ಅಳತೆಯೇ.

ಪಂಪಿನ ಎಂಜಿನ್ನಿಗೆ ಕ್ಲಚ್ಚೂ ಇಲ್ಲ, ಹಿಂದಕ್ಕೆ ಹೋಗುವ ಗೇರೂ ಇಲ್ಲ. ಅದು ಶುರುವಾಯಿತೆಂದರೆ ನೀರಿನೊಳಗಿನ ಫ್ಯಾನು ತಿರುಗಿತು, ದೋಣಿ ಹೊರಟಿತು. ಹಾಗಾಗಿ ದಕ್ಕೆ ಇನ್ನೂ ದೂರ ಇರುವಾಗಲೇ ಎಂಜಿನ್ ನಿಲ್ಲಿಸಿ, ಉಳಿದ ವೇಗದಲ್ಲೇ ತೇಲಿಬಂದು ಕಟ್ಟೆಗೆ ತಾಗಬೇಕು. ಭರತ ಇದ್ದರೆ ಒಂದು ತೆಂಗಿನ ಮರದ ಎದುರು ನಿಲ್ಲಿಸುವುದು, ಇಳಿತ ಇದ್ದರೆ ಇನ್ನೊಂದರ ಎದುರು. ಆ ಎರಡು ಮರಗಳು ನಮ್ಮ ಪಾಲಿಗೆ ಬ್ರೇಕು. ಮೊದಲ ತಿಂಗಳು ಎರಡು ಸಲ ದಕ್ಕೆಗೆ ಗುದ್ದಿದ್ದೂ ಉಂಟು. ನಾಲ್ಕೈದು ವರ್ಷಗಳ ಮೇಲೆ ಒಡೆಯಲು ಹಾಕಿದ್ದ ಬೋಟೊಂದರಿಂದ ರಿವರ್ಸ್ ಗೇರ್ ಸಿಕ್ಕಿತು. ಅದನ್ನು ಕೂರಿಸಿದ ದಿನ ಅಪ್ಪಯ್ಯ ಸುಮ್ಮಸುಮ್ಮನೆ ಹೊಳೆ ಮಧ್ಯದಲ್ಲಿ ದೋಣಿಯನ್ನು ಹಿಂದಕ್ಕೆ ಓಡಿಸಿದರು. ಅವರು ಅಷ್ಟು ನಕ್ಕದ್ದನ್ನು ನಾನು ಆಮೇಲೆ ಕಂಡಿಲ್ಲ.

ಎಂಜಿನ್ನಿನ ಕೆಲಸ ಅಪ್ಪಯ್ಯನದು, ಮರದ ಕೆಲಸ ಆಚಾರ್ರದು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ದೋಣಿಯನ್ನು ತೆಂಗಿನ ಕೊರಡುಗಳ ಮೇಲೆ ಉರುಳಿಸಿ ಮೇಲಕ್ಕೆ ಎಳೆಯುತ್ತಿದ್ದೆವು. ಮೊದಲ ಕೆಲಸ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕತ್ತಿಯಿಂದ ಕೆರೆಯುವುದು. ಅಂಗೈ ಕೊಯ್ದುಕೊಳ್ಳದೆ ಆ ಕೆಲಸ ಮುಗಿದ ವರ್ಷವಿಲ್ಲ. ಆಮೇಲೆ ಒಣ ಗರಿಯ ಸೂಡಿ ಹೊತ್ತಿಸಿ ತಳದುದ್ದಕ್ಕೂ ಬೆಂಕಿಯ ನಾಲಗೆ ತಾಗಿಸುತ್ತಾ ಹೋಗುವುದು. ಉಪ್ಪು ನೀರಿನ ಹೊಳೆಯಲ್ಲಿ ಮರದೊಳಗೆ ಸುರಂಗ ಕೊರೆಯುವ ಹುಳವಿದೆ. ಹೊರಗಿನಿಂದ ಸೂಜಿಮೊನೆಯಷ್ಟು ತೂತು ಕಾಣುತ್ತದೆ, ಒಳಗೆ ಬೆರಳು ಹೋಗುವಷ್ಟು ಟೊಳ್ಳು. ಬೆಂಕಿ ಅದಕ್ಕೆ. ಹದ ತಪ್ಪಿದರೆ ಹಲಗೆಯೇ ಸುಡುತ್ತದೆ, ಆದ್ದರಿಂದ ಸೂಡಿ ಹಿಡಿಯುವ ಹಕ್ಕು ಆಚಾರ್ರಿಗೆ ಮಾತ್ರ. ಸಂದುಗಳಿಂದ ಹಳೆಯ ಹತ್ತಿ ಕಿತ್ತು, ಹೊಸ ಹತ್ತಿಯ ಎಳೆಯನ್ನು ಉಳಿ ಮತ್ತು ಕೊಡತಿಯಿಂದ ಬಡಿದು ತುಂಬಿ, ಮೇಲೆ ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತುತ್ತಿದ್ದರು. ಹತ್ತಿ ಸರಿಯಾಗಿ ಕೂತಾಗ ಕೊಡತಿಯ ಸದ್ದು ಬದಲಾಗುತ್ತದೆ. ಟೊಕ್ ಟೊಕ್ ಎನ್ನುವುದು ಟಣ್ ಎನ್ನುತ್ತದೆ. ಕೊನೆಗೆ ಒಳಗೂ ಹೊರಗೂ ಗೇರೆಣ್ಣೆ, ಮೀನೆಣ್ಣೆ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರೂ ಅಪ್ಪಯ್ಯನ ಬೆರಳ ಸಂದಿ ಜೂನ್ ಪೂರ್ತಿ ಸುಲಿದಿರುತ್ತಿತ್ತು.

ಒಣಗಿದ ದೋಣಿ ನೀರಿಗಿಳಿದ ಕೂಡಲೇ ಸೋರುತ್ತದೆ. ಹಲಗೆ ನೀರು ಕುಡಿದು ಉಬ್ಬಿ ಸಂದು ಮುಚ್ಚಿಕೊಳ್ಳಲು ಎರಡು ರಾತ್ರಿ ಬೇಕು. ಆ ಎರಡು ರಾತ್ರಿ ನಾನು ಮತ್ತು ತಮ್ಮ ದೋಣಿಯಲ್ಲೇ ಮಲಗಿ ಸರದಿಯ ಮೇಲೆ ನೀರು ಎತ್ತಿ ಚೆಲ್ಲುತ್ತಿದ್ದೆವು. ನಮಗದು ಹಬ್ಬ.

ಈ ನೆನಪನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ, ಆದರೆ ಅದು ಅರ್ಧ ಸುಳ್ಳಾಗುತ್ತದೆ. ಎರಡು ರಾತ್ರಿಯ ಹಬ್ಬ ಮುಗಿದ ಮೇಲೂ ದೋಣಿ ಸೋರುತ್ತಲೇ ಇತ್ತು. ಮರದ ದೋಣಿ ಎಷ್ಟು ಚೆನ್ನಾಗಿ ಕಟ್ಟಿದರೂ ಸ್ವಲ್ಪ ಸೋರುತ್ತದೆ. ಶಾಫ್ಟಿನ ತೂತು ಸೇರಿದ ಮೇಲೆ ಅದು ಹೆಚ್ಚಾಯಿತು. ಎಂಜಿನ್ನಿನ ನಡುಕಕ್ಕೆ ಸಂದುಗಳೂ ಸಡಿಲಾದವು. ಮಳೆಗಾಲದಲ್ಲಿ ಕಟ್ಟಿದ ದೋಣಿಯನ್ನು ನಡುರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ ಬರಿದು ಮಾಡದಿದ್ದರೆ ಬೆಳಗ್ಗೆ ಎಂಜಿನ್ನಿನ ಗಾಲಿ ನೀರಿನಲ್ಲಿ ಮುಳುಗಿರುತ್ತಿತ್ತು. ಹಗಲೆಲ್ಲ ದುಡಿದ ಅಪ್ಪಯ್ಯ ಮಲಗಿದರೆ ಏಳುವವರಲ್ಲ. ಎದ್ದು ಹೋಗುತ್ತಿದ್ದದ್ದು ಅಮ್ಮ. ಮಳೆಗೆ ಅಡ್ಡವಾಗಿ ತಲೆಗೆ ಕೊರಂಬು ಹಾಕಿಕೊಂಡು, ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಅಡ್ಡ ಕತ್ತರಿಸಿದ ಎಣ್ಣೆ ಡಬ್ಬ. ಚಾಪೆಯ ಮೇಲೆ ಮಲಗಿ ನಾನು ಕೇಳಿಸಿಕೊಳ್ಳುತ್ತಿದ್ದ ಸದ್ದು ಅದು: ಡಬ್ಬ ಹಲಗೆಗೆ ಕೆರೆಯುವುದು, ನೀರು ಹೊಳೆಗೆ ಬೀಳುವುದು. ಒಂದು ನೂರಕ್ಕೂ ಹೆಚ್ಚು ಸಲ. ಎಣಿಸುತ್ತಾ ನನಗೆ ನಿದ್ದೆ ಬರುತ್ತಿತ್ತು. ಅವಳಿಗೆ ಯಾವಾಗ ಬರುತ್ತಿತ್ತೋ, ನಾನು ಯೋಚಿಸಿದವನಲ್ಲ. ‘ಅಪ್ಪಯ್ಯನ ದೋಣಿ’ ಎಂದೇ ನಾನು ಊರಿಡೀ ಹೇಳಿಕೊಂಡು ತಿರುಗಿದೆ. ಅದನ್ನು ತೇಲಿಸಿದ್ದು ಯಾರೆಂದು ಕೇಳಿದ್ದರೆ ಉತ್ತರ ಬೇರೆ ಇತ್ತು.

ಮನೆಯಲ್ಲಿ ಮೊದಲು ಓದಿದವನು ನಾನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ 1986ರಲ್ಲಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ರಜೆಗೆ ಬಂದಾಗಲೆಲ್ಲ ದೋಣಿಯಲ್ಲಿ ಒಂದಿಲ್ಲೊಂದು ಸುಧಾರಣೆ ಮಾಡುವ ಹುಮ್ಮಸ್ಸು. ಮೊದಲನೆಯದು ಎಂಜಿನ್ ತಣಿಸುವ ನೀರು. ಉಪ್ಪು ನೀರನ್ನೇ ಎಳೆದು ಎಂಜಿನ್ನಿನ ಒಡಲಲ್ಲಿ ಹರಿಸುತ್ತಿದ್ದರಿಂದ ಒಳಗೆ ಉಪ್ಪು ಕಟ್ಟಿ ತುಕ್ಕು ಹಿಡಿಯುತ್ತಿತ್ತು. ಸಿಹಿ ನೀರನ್ನೇ ಒಂದು ಡ್ರಮ್ಮಿನಿಂದ ಸುತ್ತಿಸಿ, ದೋಣಿಯ ತಳದ ಹೊರಗೆ ತಾಮ್ರದ ಕೊಳವೆಯಲ್ಲಿ ಹಾಯಿಸಿ, ಹೊಳೆಯ ನೀರು ತಾಗಿ ತಣಿಯುವಂತೆ ಮಾಡಿದೆ. ಎಂಜಿನ್ನಿಗೆ ಅದು ನಿಜಕ್ಕೂ ಒಳ್ಳೆಯದಾಯಿತು. ಆದರೆ ಕೊಳವೆ ಹಿಡಿದು ನಿಲ್ಲಿಸಲು ಕಬ್ಬಿಣದ ಮೊಳೆ ಹೊಡೆದಿದ್ದೆ. ಉಪ್ಪು ನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ತಾಗಿಕೊಂಡರೆ ತಾಮ್ರ ಉಳಿಯುತ್ತದೆ, ಕಬ್ಬಿಣ ಕರಗುತ್ತದೆ. ಒಂದು ವರ್ಷದೊಳಗೆ ಮೊಳೆಗಳು ಪೆನ್ಸಿಲಿನ ಸೀಸದಷ್ಟಾದವು. ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ತಾಮ್ರದ ಮೊಳೆ ಹೊಡೆದು, ಪಕ್ಕದಲ್ಲಿ ಒಂದು ಸತುವಿನ ತುಂಡು ಕಟ್ಟಿದ ಮೇಲೆ ಆ ತೊಂದರೆ ನಿಂತಿತು. ಸತು ತಾನು ಕರಗಿ ಉಳಿದದ್ದನ್ನು ಕಾಯುತ್ತದೆ, ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಆ ಒಂದು ತಪ್ಪನ್ನು ತಿದ್ದಿಕೊಂಡದ್ದೇ ನನಗೆ ಧೈರ್ಯ ಕೊಟ್ಟಿತು.

1990ರ ಬೇಸಿಗೆಯಲ್ಲಿ ನಾನು ಫೈಬರ್ ತಂದೆ. ಆಗ ಕರಾವಳಿಯಲ್ಲಿ ಫೈಬರ್ ದೋಣಿಗಳು ಬರತೊಡಗಿದ್ದವು. ಹಗುರ, ಹುಳ ಹಿಡಿಯುವುದಿಲ್ಲ, ಸೋರುವುದಿಲ್ಲ. ಹೊಸ ದೋಣಿ ಕೊಳ್ಳುವ ಶಕ್ತಿಯಿಲ್ಲದವರು ಹಳೆಯ ಮರದ ದೋಣಿಗೇ ಹೊರಗಿನಿಂದ ಫೈಬರ್ ಹೊದಿಸುತ್ತಿದ್ದರು. ನನ್ನ ಎರಡು ತಿಂಗಳ ಸಂಬಳದಲ್ಲಿ ರೆಸಿನ್ ಡಬ್ಬಗಳು, ಗಾಜಿನ ನಾರಿನ ಚಾಪೆಯಂಥ ಮ್ಯಾಟು, ರೋಲರು ಎಲ್ಲವನ್ನೂ ಕೊಂಡು ತಂದೆ. ಆಚಾರ್ರು ಬಂದು ನೋಡಿದರು. ಹಲಗೆಯ ಮೇಲೆ ಅಂಗೈ ಒರೆಸಿ, ಮೂಗಿಗೆ ಹಿಡಿದು, ನನಗೂ ಮೂಸಲು ಹೇಳಿದರು. “ಇಪ್ಪತ್ ವರ್ಷದ್ ಎಣ್ಣಿ ಕುಡ್ದಿತ್ ಇದ್. ನಿಮ್ಮ ಗೋಂದ್ ಇದ್ರ್ ಮೇಲ್ ಹಿಡಿತಾ?” ಎಂದು ಕೇಳಿದರು. ಉಪ್ಪು ಕಾಗದದಿಂದ ಉಜ್ಜಿದರೆ ಹಿಡಿಯುತ್ತದೆ ಎಂದೆ. “ಮರ ಉಸ್ರ್ ಆಡ್ಕಲೆ ಮಾಣಿ” ಎಂದರು. ಮರ ಉಸಿರಾಡುವುದು ಮುದುಕರ ಮಾತು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಮುಖ ಅದನ್ನೇ ಹೇಳಿರಬೇಕು. ಅವರು ಚೀಲ ಎತ್ತಿಕೊಂಡು ಹೋದರು. ಅಷ್ಟು ವರ್ಷ ನಮ್ಮ ಮನೆಯಲ್ಲಿ ಮೇ ತಿಂಗಳ ಹತ್ತು ದಿನದ ಕೂಲಿ ಅವರದು. ಫೈಬರ್ ಹಾಕಿದ ಮೇಲೆ ಅದೂ ಇಲ್ಲವೆಂದು ಅವರಿಗೆ ತಿಳಿದಿತ್ತು. ಹೊಟ್ಟೆಪಾಡಿಗಾಗಿ ಆಡಿದ ಮಾತೆಂದು ನಾನು ಬಗೆದೆ. ಅವರ ಮಾತು ಮರದ ಬಗ್ಗೆಯೇ ಇತ್ತು.

ದೋಣಿಯನ್ನು ಎರಡು ವಾರ ಒಣಗಿಸಿದೆವು. ಹಲಗೆಗಳು ಕುಗ್ಗಿ ಸಂದುಗಳಲ್ಲಿ ಬೆಳಕು ಕಾಣುವಷ್ಟಾಯಿತು. ಒಣಗಿದಷ್ಟೂ ಒಳ್ಳೆಯದು ಎಂದು ನಾನು ತಿಳಿದಿದ್ದೆ. ರೆಸಿನ್ನಿಗೆ ಕೋಬಾಲ್ಟ್ ಹನಿಸಿ ಕಲಸಿದರೆ ನೇರಳೆ ಛಾಯೆ, ಆಮೇಲೆ ಕ್ಯಾಟಲಿಸ್ಟ್ ಸೇರಿಸಿದರೆ ಮೇ ತಿಂಗಳ ಸೆಕೆಯಲ್ಲಿ ಕಾಲು ಗಂಟೆಯಲ್ಲಿ ಗಟ್ಟಿಯಾಗತೊಡಗುತ್ತದೆ. ಅವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ ಎಂದು ತಮ್ಮನಿಗೆ ಹತ್ತು ಸಲ ಹೇಳಿ, ಬಾಟಲಿಗಳನ್ನು ದೂರ ದೂರ ಇಡಿಸಿದ್ದೆ. ಮೂರು ಪದರ ಹಾಕಿದೆವು. ಅಪ್ಪಯ್ಯ ಮ್ಯಾಟನ್ನು ಅಳತೆಗೆ ಕತ್ತರಿಸಿ ಕೊಡುತ್ತಿದ್ದರು. ಗಾಜಿನ ನಾರು ಮೈಗೆ ಹೊಕ್ಕು ಮೂವರೂ ತುರಿಸಿಕೊಂಡೆವು. ಕೊನೆಗೆ ನೀಲಿ ಬಣ್ಣ ಬಳಿದು ನಿಲ್ಲಿಸಿದಾಗ ದೋಣಿ ಹೊಸದರಂತೆ ಹೊಳೆಯಿತು. “ದೋಣಿಗೆ ಅಂಗಿ ಹೊಲ್ಸಿದ ಮಾಣಿ” ಎಂದು ಅಪ್ಪಯ್ಯ ದಕ್ಕೆಯ ಮೇಲೆ ಕಂಡವರಿಗೆಲ್ಲ ಹೇಳಿದರು.

ನೀರಿಗಿಳಿಸಿದ ರಾತ್ರಿ ಒಂದು ಹನಿಯೂ ಒಳಗೆ ಬರಲಿಲ್ಲ. ಅಮ್ಮ ಅಭ್ಯಾಸದಿಂದ ನಡುರಾತ್ರಿ ಎದ್ದು ಲಾಟೀನು ಹಿಡಿದು ಹೋಗಿ ನೋಡಿ ಬಂದಳು.

ಮೂರು ಮಳೆಗಾಲ ಹಾಗೇ ಕಳೆಯಿತು. ನಾಲ್ಕನೆಯದಕ್ಕೆ ಮೊದಲು, 1993ರ ಬೇಸಿಗೆಯಲ್ಲಿ, ಎಂಜಿನ್ ಕೂತ ತೊಲೆಯ ಬೋಲ್ಟೊಂದು ಎಷ್ಟು ತಿರುಗಿಸಿದರೂ ಬಿಗಿಯಾಗಲಿಲ್ಲ. ಸುಮ್ಮನೆ ತಿರುಗುತ್ತಿತ್ತು. ಅಪ್ಪಯ್ಯ ಅದನ್ನು ಕೈಯಲ್ಲೇ ಎಳೆದರು, ಜೊತೆಗೆ ಒಂದು ಹಿಡಿ ಕಂದು ಹುಡಿ ಬಂತು. ಫೈಬರಿನ ಮೇಲೆ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು. ಸಂದುಗಳ ಗೆರೆಯುದ್ದಕ್ಕೂ ಕೂದಲೆಳೆಯ ಬಿರುಕು.

ಏನಾಯಿತೆಂದು ಅರ್ಥವಾಗಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು. ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಂಟುವುದೇ ಕಷ್ಟ, ಎಣ್ಣೆ ಕುಡಿದ ಮರಕ್ಕಂತೂ ಅಂಟುವುದೇ ಇಲ್ಲ. ಆಚಾರ್ರು ಮೂಗಿನಿಂದ ಹೇಳಿದ್ದು ಅದನ್ನೇ. ಕುಗ್ಗಿದ ಹಲಗೆಯ ಮೇಲೆ ಹೊದಿಸಿದ್ದರಿಂದ, ಮುಂದೆ ತೇವ ಕುಡಿದು ಮರ ಉಬ್ಬಿದಾಗ ಅಂಗಿ ಸಂದಿಯಲ್ಲಿ ಹರಿಯಿತು. ಹರಿದಲ್ಲಿ ಒಳಹೊಕ್ಕ ನೀರು ಮರ ಮತ್ತು ಫೈಬರ್ ನಡುವೆ ನಿಂತಿತು, ಹೊರಗೆ ಹೋಗಲು ದಾರಿಯಿಲ್ಲ. ಇನ್ನೂ ಮುಖ್ಯವಾದದ್ದು ಮಳೆಯ ನೀರು. ಮರ ಕೊಳೆಸುವ ಬೂಷ್ಟಿಗೆ ಉಪ್ಪು ಆಗದು, ಸಿಹಿ ನೀರು ಬೇಕು. ಮೊದಲು ದಿನಕ್ಕೆರಡು ಸಲ ನೀರು ಎತ್ತುವಾಗ ದೋಣಿಯೊಳಗೆ ಬಿದ್ದ ಮಳೆ ನೀರೂ ಅದರೊಂದಿಗೆ ಹೋಗುತ್ತಿತ್ತು. ತಳ ಬರಿದಾಗುತ್ತಿತ್ತು, ಗಾಳಿಯಾಡುತ್ತಿತ್ತು. ಫೈಬರ್ ಹಾಕಿದ ಮೇಲೆ ದೋಣಿ ಸೋರುವುದಿಲ್ಲವೆಂದು ಯಾರೂ ಇಣುಕಿ ನೋಡಲಿಲ್ಲ. ತಳದ ಹಲಗೆಯಡಿ ಮಳೆಯ ನೀರು ತಿಂಗಳುಗಟ್ಟಲೆ ನಿಂತೇ ಇತ್ತು. ದೋಣಿ ಒಳಗಿನಿಂದ ಕೊಳೆಯಿತು. ಹೊರಗಿನ ನೀಲಿ ಬಣ್ಣ ಮಾಸಿರಲೂ ಇಲ್ಲ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರದಲ್ಲಿ ಸಣ್ಣ ದೋಣಿ ಮಾಡಿದ ಕೆಲಸದ ಬಗ್ಗೆ ಮುಂದೆ ಓದಿದೆ. ಅವರು ಮೊದಲು ಹಲಗೆಗೇ ಔಷಧಿ ಕುಡಿಸುತ್ತಾರೆ. ಮರ ಹಾಳಾಗದಂತೆ ನೋಡಿಕೊಂಡ ಮೇಲೆಯೇ ಮುಂದಿನ ಮಾತು. ನಾನು ಹೊರಗಿನಿಂದ ಮುಚ್ಚಿದೆ, ಅಷ್ಟೇ.

ಅಪ್ಪಯ್ಯ ನನ್ನನ್ನು ಬೈಯಲಿಲ್ಲ. 1994ರಲ್ಲಿ ದೋಣಿಯನ್ನು ಕೊನೆಯ ಸಲ ಮೇಲಕ್ಕೆ ಎಳೆದು ಕೊಟ್ಟಿಗೆಗೆ ಸೇರಿಸಿದರು, ಬೇರೆಯವರ ದೋಣಿಗೆ ಕೂಲಿಗೆ ಹೋದರು. ಐವತ್ತು ದಾಟಿದ ಮೇಲೆ ಇನ್ನೊಬ್ಬರ ಚುಕ್ಕಾಣಿ ಹಿಡಿದರು. ಪ್ರತಿ ಮೇ ತಿಂಗಳಲ್ಲಿ ಮಾತ್ರ ಕೊಟ್ಟಿಗೆಗೆ ಹೋಗಿ, ಎಂಜಿನ್ನಿನ ಗಾಲಿಯನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಎಣ್ಣೆ ಬಿಟ್ಟು ಬರುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ. “ಹಿಡ್ಕಂಬುಕ್ ಆಗ” ಎಂದರು. ಗಾಲಿ ತುಕ್ಕು ಹಿಡಿದು ಕಚ್ಚಿಕೊಳ್ಳಬಾರದು, ಅಷ್ಟೇ. 2006ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಆ ಎಂಜಿನ್ನನ್ನು ಕಳಚಿ ಒಬ್ಬ ಕೃಷಿಕರಿಗೆ ಕೊಟ್ಟ. ಹ್ಯಾಂಡಲ್ ಹಾಕಿದ ಎರಡನೇ ಸಲಕ್ಕೇ ಅದು ಶುರುವಾಯಿತಂತೆ.

ಈಗ ಆ ಹೊಳೆಯಲ್ಲಿ ಓಡಾಟವೇ ಬೇರೆ. ಮರದ ದೋಣಿ ಕಟ್ಟುವವರು ಹುಡುಕಿದರೂ ಅಪರೂಪ. ಔಟ್‌ಬೋರ್ಡ್ ಯಮಹಾ, ಸುಜುಕಿಗಳು ಫೈಬರ್ ದೋಣಿಯ ಹಿಂದೆ ನೇತಾಡುತ್ತವೆ, ಕೆಟ್ಟರೆ ಎತ್ತಿ ಬೈಕಿನ ಮೇಲೆ ಇಟ್ಟು ಮೆಕ್ಯಾನಿಕ್ಕಿನ ಬಳಿಗೆ ಒಯ್ಯಬಹುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ, 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಕಾಂಡ್ಲಾ ಕಾಡಿನ ನಡುವೆ ಪ್ರವಾಸಿಗರು ಬಣ್ಣಬಣ್ಣದ ಕಯಾಕಿನಲ್ಲಿ ಹೋಗುತ್ತಾರೆ. ಇದರಲ್ಲಿ ಯಾವುದನ್ನೂ ನಾನು ಹಳಿಯಲಾರೆ. ಹುಟ್ಟು ಹಾಕಿ ಸೆಟೆದ ಕೈಗಳನ್ನು, ಗೇರೆಣ್ಣೆಗೆ ಸುಲಿದ ಬೆರಳುಗಳನ್ನು ನೋಡಿದವನು ಹಳೆಯದನ್ನು ಕಣ್ಣುಮುಚ್ಚಿ ಹೊಗಳಬಾರದು.

ಮೂರು ದಿನ ಊರಿನಲ್ಲಿದ್ದು ದೋಣಿ ಬಿಚ್ಚಲು ಕೈಜೋಡಿಸಿದೆ. ಮೇಲಿನ ಹಲಗೆಗಳನ್ನು ತಮ್ಮನ ಮಗ ದನದ ಕೊಟ್ಟಿಗೆಯ ಅಟ್ಟಕ್ಕೆ ಇಟ್ಟುಕೊಂಡ. ಕೊಳೆತದ್ದು ಬಚ್ಚಲೊಲೆಗೆ ಹೋಯಿತು. ಫೈಬರಿನ ಹೊದಿಕೆ ಮಾತ್ರ ದೊಡ್ಡ ದೊಡ್ಡ ಚೂರುಗಳಾಗಿ ತೆಂಗಿನ ಬುಡದಲ್ಲಿ ಬಿದ್ದಿದೆ. ಗುಜರಿಯವರು ಅದನ್ನು ಮುಟ್ಟಲಿಲ್ಲ. ಸುಟ್ಟರೆ ವಿಷದ ಹೊಗೆ, ಹೂತರೆ ಕರಗದು.

ಸಂಜೆ ಜಗಲಿಯಲ್ಲಿ ಅಮ್ಮನ ಹತ್ತಿರ ಕೂತಿದ್ದೆ. ಎಂಬತ್ತು ದಾಟಿದ್ದಾಳೆ, ಕಣ್ಣು ಮಂಜು, ಕಿವಿ ಚುರುಕು. ಹಲಗೆ ಕೀಳುವ ಸದ್ದನ್ನು ಮೂರು ದಿನವೂ ಕೇಳಿಸಿಕೊಂಡಿದ್ದಳು. ನಾನು ಫೈಬರ್ ಹಾಕಿಸಿ ಅಪ್ಪಯ್ಯನ ದೋಣಿ ಹಾಳು ಮಾಡಿದೆ ಎಂದು, ಮೂವತ್ತು ವರ್ಷ ಹೇಳದೇ ಇದ್ದದ್ದನ್ನು, ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಮೂರ್ ಮಳಿಗಾಲ ನಾನ್ ಬೆಳಗಿನವರಿಗೆ ಮನಿಕಂಡಿದೆ ಮಗಾ” ಎಂದಳು.

ಅಷ್ಟು ವರ್ಷ ನಾನು ತಪ್ಪು ಲೆಕ್ಕ ಹಾಕುತ್ತಿದ್ದೆ. ದೋಣಿಯ ಸೋರಿಕೆ ಅಂಥ ಕಾಯಿಲೆಯಾಗಿರಲಿಲ್ಲ, ಆಚಾರ್ರಿಗೆ ಅದು ಗೊತ್ತಿತ್ತು. ಸರಿಪಡಿಸಬೇಕಾಗಿದ್ದದ್ದು ನಡುರಾತ್ರಿಯಲ್ಲಿ ಅಮ್ಮ ಒಬ್ಬಳೇ ಡಬ್ಬ ಹಿಡಿದು ಕೂರುವುದನ್ನು. ಪಿವಿಸಿ ಕೊಳವೆಯಲ್ಲಿ ನಾನೇ ಮಾಡಬಹುದಾಗಿದ್ದ ಒಂದು ಕೈಪಂಪು, ನಮ್ಮ ಮೂವರು ಗಂಡಸರ ನಡುವೆ ಒಂದು ಸರದಿ, ಇಷ್ಟರಲ್ಲೇ ಅದು ಮುಗಿಯುತ್ತಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಹಳೆಯ ಮರದ ದೋಣಿ ಇನ್ನೂ ಇಟ್ಟುಕೊಂಡವರು ನಮ್ಮ ಕರಾವಳಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರಲ್ಲಿ ನನ್ನದೊಂದು ಕೇಳಿಕೆ. ಎಣ್ಣೆ ಕುಡಿದ ಹಲಗೆಗೆ ಫೈಬರ್ ಹೊದಿಸಬೇಡಿ. ಮಳೆಗಾಲ ಮುಗಿದ ಕೂಡಲೇ ತಳದ ಹಲಗೆ ಎತ್ತಿ ಚೂರಿಯ ತುದಿಯಿಂದ ಚುಚ್ಚಿ ನೋಡಿ. ದೋಣಿ ಸೋರುತ್ತಿದ್ದರೆ ಮೊದಲು ಒಂದು ಬ್ಯಾಟರಿ ಪಂಪು ಕೊಂಡು ಹಾಕಿ. ಅಲ್ಲಿಯವರೆಗೆ ರಾತ್ರಿ ನೀರು ಎತ್ತಲು ನೀವೇ ಏಳಿ.